ಹಾಸ್ಯಗಾರನ ಮಾತನ್ನು ಬರೆದುಕೊಟ್ಟವನು ನಾನು

ನನ್ನ ಅಕ್ಷರ ದುಂಡಗಿದೆ ಅಂತ ಹೊಗಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತೆ. ಆ ಜಂಬ ಒಂದಿಲ್ಲದಿದ್ದರೆ ಒಬ್ಬ ಮನುಷ್ಯನ ದವಡೆ ಮುರೀತಿರಲಿಲ್ಲ.

ಐ.ಡಿ.ಹಳ್ಳಿ ಕಡೆಯ ಒಂದೂರಲ್ಲಿ ನಾನಾಗ ಪ್ರೈಮರಿ ಸ್ಕೂಲ್ ಮೇಷ್ಟ್ರು. ಸ್ಕೂಲು ಬಿಟ್ಟಮೇಲೆ ಹಾರ್ಮೋನಿಯಂ ಮುಂದೆ ಕೂತು ಊರವರಿಗೆ ಪೌರಾಣಿಕ ನಾಟಕ ಕಲಿಸ್ತಿದ್ದೆ. ನಮ್ಮ ನಾಟಕದ ಪುಸ್ತಕದಲ್ಲಿ ರಾಜಂದು, ರಾಣೀದು, ಮಂತ್ರೀದು ಎಲ್ಲಾ ಮಾತೂ ಇರುತ್ತೆ. ಹಾಸ್ಯಗಾರನದು ಮಾತ್ರ ಇರಲ್ಲ. ‘ಇಲ್ಲಿ ಹಾಸ್ಯ’ ಅಂತ ಬರೆದು ಗೀಟು ಎಳೀತೀವಿ. ಅವನು ಬಂದು ಆ ಊರಿನ, ಆ ದಿನದ ಸಮಾಚಾರ ಹಿಡ್ಕೊಂಡು ಬಾಯಿಗೆ ಬಂದದ್ದು ಹೇಳ್ತಾನೆ. ನಮ್ಮ ಹಾಸ್ಯಗಾರ ಕುರಿ ಕಾಯೋನು, ಓದು ಬರಹ ಇಲ್ಲ. ಶಿರಾದಿಂದ ಪಾವಗಡದ ತನಕ ಅವನು ಬಾಯಿ ತೆಗೆದರೆ ಜನ ಬಿದ್ದು ಬಿದ್ದು ನಗೋರು. ಪಾವಗಡದ ಕಡೆ ಹೋದರೆ ಅರ್ಧಂಬರ್ಧ ತೆಲುಗಲ್ಲೇ ಬೈಯೋನು, ಬೈಸಿಕೊಂಡೋರೇ ಜೋರಾಗಿ ಚಪ್ಪಾಳೆ ತಟ್ಟೋರು.

ತುರ್ತು ಪರಿಸ್ಥಿತಿ ಬಂತು. ನಾಟಕ ಆಡಬೇಕಾದರೆ ಪುಸ್ತಕ ಪೂರ್ತಿ ಠಾಣೆಗೆ ಕೊಟ್ಟು ಪರ್ಮಿಷನ್ ತಗೋಬೇಕು ಅಂದರು. ಕೊಟ್ಟೆ. ಸಬ್ ಇನ್‌ಸ್ಪೆಕ್ಟರ್ ಹಾಳೆ ತಿರುವಿ, “ಇಲ್ಲಿ ಹಾಸ್ಯ ಅಂದ್ರೇನ್ರೀ? ಏನ್ ಮಾತಾಡ್ತಾನೋ ಅದನ್ನ ಬರ್ಕೊಂಡು ಬನ್ನಿ. ಅವನ ಹೆಬ್ಬೆಟ್ಟೂ ಬೇಕು” ಅಂದ.

ಬರೆಯೋಕೆ ಕೂತೆ. ಏನ್ ಹೇಳ್ತೀಯ ಹೇಳಪ್ಪ ಅಂದರೆ ಹಾಸ್ಯಗಾರನ ಮುಖ ಅರಳಿಹೋಯ್ತು. “ನನ್ ಮಾತೂ ಪುಸ್ತಕದಾಗೆ ಬತ್ತೈತಾ ಮೇಷ್ಟ್ರೇ?” ಅಂದ. ಆಗ ಊರೂರಿಗೂ ಜೀಪು ಬಂದು ಗಂಡಸರನ್ನ ಸಂತಾನಹರಣದ ಆಪರೇಷನ್ನಿಗೆ ಎಳ್ಕೊಂಡು ಹೋಗ್ತಿತ್ತು. ಪುಸ್ತಕಕ್ಕೆ ಹೋಗೋ ಮಾತು ಅಂತ ಅವನು ತನ್ನ ಹತ್ತಿರ ಇದ್ದುದರಲ್ಲೇ ಚೆನ್ನಾಗಿರೋದನ್ನ ಆರಿಸಿ ಹೇಳಿದ: “ನಾವೂ ಟಗರಿನ ಬೀಜ ಒಡೀತೀವಿ ಕಣ್ರಪ್ಪ. ಆದ್ರೆ ಹಿಂಡಿಗೆ ಅಂತ ಒಂದ್ ಟಗರ್ನ ಬುಡ್ತೀವಿ. ಈ ಜೀಪ್ನೋರು ಅದನ್ನೂ ಬುಡ್ಲಿಲ್ಲ. ಇವ್ರೇನು ಯಾವತ್ತಾದ್ರೂ ಕುರಿ ಕಾದವ್ರಾ?”

ಹೊಟ್ಟೆ ಹಿಡ್ಕೊಂಡು ನಕ್ಕೆ. ನಕ್ಕು, ಒಂದಕ್ಷರ ಬಿಡದೆ ದುಂಡಗೆ ಬರೆದೆ. ಬರೀಬಾರದು ಅಂತ ಹೊಳೀಲಿಲ್ಲ ಅಂದರೆ ಸುಳ್ಳು. ಹೊಳೀತು. ಠಾಣೆಯೋರು ಹೆಬ್ಬೆಟ್ಟು ನೋಡ್ತಾರೆ, ಮಾತನ್ನೆಲ್ಲಿ ಓದ್ತಾರೆ ಬಿಡು ಅಂದ್ಕೊಂಡೆ. ಅವನು ಹೆಬ್ಬೆಟ್ಟು ಒತ್ತಿ, ಆ ಹಾಳೇನ ಹೆಂಡ್ತಿಗೂ ತೋರಿಸಿಕೊಂಡು ಬಂದ.

ಮಾತನ್ನೂ ಓದಿದರು. ಇಬ್ಬರನ್ನೂ ಕರೆಸಿದರು.

ಬೆಳಗ್ಗೆ ಹನ್ನೊಂದು ಗಂಟೆ. ಅವನನ್ನ ಗೋಡೆಗೆ ನಿಲ್ಲಿಸಿ, ಹಾಳೇನ ನನ್ನ ಕೈಗೆ ಕೊಟ್ಟು ಸಬ್ ಇನ್‌ಸ್ಪೆಕ್ಟರ್, “ಓದ್ರಿ ಮೇಷ್ಟ್ರೇ, ನಿಧಾನಕ್ಕೆ” ಅಂದ. ಮೊದಲನೇ ಸಾಲು ಓದಿದೆ. ಲಾಠಿ ಅವನ ಮೊಣಕಾಲಿಗೆ ಬಿತ್ತು. ಎರಡನೇ ಸಾಲು ಓದಿದೆ. “ಹೆಬ್ಬೆಟ್ಟು ಒತ್ತಿದ ಕೈ ಯಾವುದ್ಲೇ?” ಅಂತ ಕೇಳಿ, ಆ ಕೈಯನ್ನ ಮೇಜಿನ ಮೇಲೆ ಇಡಿಸಿ ಬೆರಳಿನ ಮೇಲೆ ಹೊಡೆದ. ಮೂಳೆ ಮುರಿದದ್ದು ನನಗೆ ಕೇಳಿಸ್ತು. ಮೂರನೇ ಸಾಲನ್ನ ನಾನು ಹಾರಿಸಿದೆ, ಒಂದೇಟಾದರೂ ತಪ್ಪಲಿ ಅಂತ. “ಒಂದು ಸಾಲು ಬಿಟ್ರಲ್ಲ” ಅಂದು, ಬಿಟ್ಟಿದ್ದಕ್ಕೂ ಅವನಿಗೇ ಹೊಡೆದ. ಬಾಯಿಗೇ ಹೊಡೆದ. ರಕ್ತದ ಜೊತೆ ಎರಡು ಹಲ್ಲು ನನ್ನ ಚಪ್ಪಲಿ ಹತ್ತಿರ ಬಂದು ಬಿದ್ದವು.

ಆಮೇಲೆ ನಾನು ಒಂದಕ್ಷರ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು! ಉಚ್ಚಾರ ತಪ್ಪದೆ, ಕ್ಲಾಸಲ್ಲಿ ಪಾಠ ಓದಿದಂಗೆ ಓದಿದೆ. ಮುಗಿದಾಗ ಮೊದಲಿಂದ ಓದ್ರಿ ಅಂದ. ಓದಿದೆ. ನನ್ನ ಮೈಮೇಲೆ ಒಂದೇಟೂ ಬೀಳಲಿಲ್ಲ.

ಹಾಸ್ಯಗಾರನ ದವಡೆ ಸೊಟ್ಟಗೇ ಕೂಡಿಕೊಂಡಿತು. ತುರ್ತು ಪರಿಸ್ಥಿತಿ ಹೋಯ್ತು, ಸಬ್ ಇನ್‌ಸ್ಪೆಕ್ಟರ್ ಎಲ್ಲಿಗೋ ವರ್ಗ ಆದ. ಎಂಬತ್ತನೇ ಇಸವಿ ದಾಟಿದ ಮೇಲೆ ನಾನು ಕೊರಟಗೆರೆ ಹತ್ತಿರ ನಾಟಕ ಕಲಿಸ್ತಿದ್ದೆ. ಈಗ ಯಾರೂ ಪುಸ್ತಕ ಕೇಳ್ತಿರಲಿಲ್ಲ. ಆದರೂ ಕಲಿಸೋಕೆ ಮೊದಲೇ ಕೆಂಪು ಇಂಕಿನಲ್ಲಿ ಹೊಡೆದು ಹಾಕ್ತಿದ್ದೆ. ಪ್ರಜೆ ರಾಜನನ್ನ ಬೈಯೋ ಮಾತು, ಮಂತ್ರಿ ಕದ್ದ ಅನ್ನೋ ಮಾತು, ಏನೂ ಉಳೀತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಪ್ರಾಕ್ಟೀಸು ನಡೀವಾಗ ಹಾಸ್ಯಗಾರ ಬಸ್ಸಿಳಿದು ಬಂದ. ನಂಗೊಂದು ಪಾರ್ಟು ಕೊಡಿ ಅಂದ. ಅಲ್ಲೇ ನಿಂತು, ಬೋರ್‌ವೆಲ್ ಕೊರೆಸ್ತೀನಿ ಅಂತ ಓಟು ಇಸ್ಕೊಂಡು ಹೋದೋರ ಮೇಲೆ ಹೊಸದೊಂದು ಹೇಳಿದ. ಸೊಟ್ಟ ಬಾಯಿ, ಅರ್ಧ ಮಾತು ತಿಳಿಯಲ್ಲ. ಆದರೂ ನಾಟಕದೋರೆಲ್ಲ ಬಿದ್ದು ನಕ್ಕರು. ನಾನು ಹಾರ್ಮೋನಿಯಂ ನಿಲ್ಲಿಸಿದೆ.

“ಬ್ಯಾಡ ಕಣಪ್ಪ. ಕುಡುಕನ ಮೇಲೆ ಹೇಳು, ಹೆಂಡ್ತಿ ಮೇಲೆ ಹೇಳು” ಅಂದೆ.

“ಯಾರಾನಾ ಬ್ಯಾಡ ಅಂದವ್ರಾ?”

“ಇಲ್ಲ.”

ಅವನು ನನ್ನನ್ನೇ ನೋಡಿದ. “ಆವತ್ತು ಪೊಲೀಸಿದ್ದ, ಹೆದ್ರಿಕಂಡು ಓದುದ್ರಿ. ಬುಡಿ, ನಾನಾಗಿದ್ರೂ ಓದ್ತಿದ್ದೆ. ಇವತ್ತು ಯಾರವ್ರೆ ಮೇಷ್ಟ್ರೇ ಇಲ್ಲಿ?”

ನಾನು ಅವನಿಗೆ ಪಾರ್ಟು ಕೊಡಲಿಲ್ಲ.