ದೀಪದ ಪೆಟ್ಟಿಗೆಯ ಆಯುಧಪೂಜೆ

ಮೂಡಬಿದಿರೆಯ ಆ ಕಾಲೇಜಿಗೆ ಕಂಪ್ಯೂಟರ್ ಲ್ಯಾಬಿನ ಟೀಚರಾಗಿ ಸೇರಿದಾಗ ನನಗೆ ಸಂಬಳಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಒಂದು ಪೆಟ್ಟಿಗೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು, ಬ್ರಾಡ್‌ಬ್ಯಾಂಡ್ ಆಗಷ್ಟೇ ನಮ್ಮ ಕಡೆಗೆ ಬಂದಿತ್ತು. ಆಫೀಸು, ಲೈಬ್ರರಿ, ಲ್ಯಾಬು, ಪ್ರಿನ್ಸಿಪಾಲರ ಕೋಣೆ ಎಂದು ಎಲ್ಲ ಕಡೆಯ ಕಂಪ್ಯೂಟರುಗಳ ವಯರುಗಳು ಬಂದು ಸೇರುವುದು ಲ್ಯಾಬಿನ ಮೂಲೆಯಲ್ಲಿದ್ದ ಆ ಪೆಟ್ಟಿಗೆಗೆ. ನೆಟ್‌ವರ್ಕ್ ಸ್ವಿಚ್ ಎಂದು ಅದರ ಹೆಸರು. ಮುಖದ ತುಂಬ ಸಾಲಾಗಿ ತೂತುಗಳು, ಪ್ರತಿ ತೂತಿಗೂ ಒಂದು ಹಸಿರು ದೀಪ. ಕಾಲೇಜಿನವರು ಅದನ್ನು ದೀಪದ ಪೆಟ್ಟಿಗೆ ಎಂದೇ ಕರೆಯುತ್ತಿದ್ದರು.

ಅಗ್ಗದ ಸ್ವಿಚ್ಚುಗಳಿಗೆ ವಯರು ಚುಚ್ಚಿದರೆ ಮುಗಿಯಿತು, ಅವು ಮತ್ತೆ ಯಾರ ಮಾತನ್ನೂ ಕೇಳುವುದಿಲ್ಲ. ಇದು ಮಾತು ಕೇಳುವ ಜಾತಿಯದ್ದು. ಒಂದು ನೀಲಿ ವಯರಿನಿಂದ ನನ್ನ ಕಂಪ್ಯೂಟರಿಗೆ ಜೋಡಿಸಿ ಪಾಸ್‌ವರ್ಡ್ ಹೊಡೆದರೆ, ಯಾವ ತೂತನ್ನು ಬೇಕಾದರೂ ಕುಳಿತಲ್ಲಿಂದಲೇ ಬಂದ್ ಮಾಡಬಹುದು, ಮನಸ್ಸು ಬಂದಾಗ ತೆರೆಯಬಹುದು. ಆ ತೂತುಗಳಿಗೆ ಪೋರ್ಟ್ ಎನ್ನುತ್ತಾರೆ. ಪಾಸ್‌ವರ್ಡ್ ಗೊತ್ತಿದ್ದದ್ದು ನನಗೊಬ್ಬಳಿಗೇ. ಲೈಬ್ರರಿಯ ಮಾಷ್ಟ್ರು ತಂಗಿಗೆ ಗಂಡು ಹುಡುಕುವ ವೆಬ್‌ಸೈಟಿನಲ್ಲಿ ಮುಳುಗಿ, ನಾನು ಕೇಳಿದ ಪುಸ್ತಕ ತೆಗೆದುಕೊಡಲು ಏಳದಿದ್ದರೆ ನಾನು ಮಾತಾಡದೆ ಲ್ಯಾಬಿಗೆ ಬಂದು ಎರಡು ಸಾಲು ಟೈಪ್ ಮಾಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರು "ನೆಟ್ ಹೋಯಿತಲ್ಲ ಟೀಚರೇ" ಎನ್ನುತ್ತ ಬರುವರು. ಬರಿಗೈಯಲ್ಲಿ ಬರಲು ನಾಚಿಕೆಯಾಗಿ ಪುಸ್ತಕವನ್ನೂ ತರುವರು. ಇದನ್ನು ಪಶ್ಚಾತ್ತಾಪದಿಂದ ಹೇಳುತ್ತಿಲ್ಲ. ಈಗ ಅಂಥ ಪೆಟ್ಟಿಗೆ ಕೈಗೆ ಸಿಕ್ಕಿದರೂ ಹಾಗೆಯೇ ಮಾಡುತ್ತೇನೆ.

ನನ್ನ ಈ ದರ್ಬಾರಿಗೆ ಸೊಪ್ಪು ಹಾಕದಿದ್ದವರು ಒಬ್ಬರೇ, ನಮ್ಮ ಅಟೆಂಡರ್ ಅಕ್ಕ. ತೋಡಾರಿನಿಂದ ಬೆಳಗ್ಗಿನ ಮೊದಲ ಬಸ್ಸಿಗೆ ಬಂದು ಬಾಗಿಲು ತೆರೆಯುವುದು, ಗುಡಿಸುವುದು, ಗಂಟೆ ಹೊಡೆಯುವುದು, ಚಾ ಮಾಡುವುದು, ನಡುನಡುವೆ ನಮ್ಮನ್ನೆಲ್ಲ ಗದರುವುದು ಅವರ ಕೆಲಸ. ಅವರಿಗೆ ನೆಟ್ ಬೇಕಿರಲಿಲ್ಲವಾದ್ದರಿಂದ ನನ್ನ ಹೆದರಿಕೆಯೂ ಇರಲಿಲ್ಲ. ಎಷ್ಟೋ ವರ್ಷದಿಂದ ಟೆಂಪರರಿಯಾಗಿಯೇ ಇದ್ದರು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಆ ವರ್ಷ ದಸರಾ ರಜೆ ಮುಗಿದ ದಿನವೇ ನಡೆಯುವ ಆಡಳಿತ ಮಂಡಳಿಯ ಸಭೆಯಲ್ಲಿ ಅವರನ್ನು ಪರ್ಮನೆಂಟ್ ಮಾಡುವುದೆಂದು ಮಾತಾಗಿತ್ತು. ಪ್ರಿನ್ಸಿಪಾಲರು ಹೆಸರು ಮಂಡಿಸಬೇಕು, ಸಭೆ ಹೂಂ ಎನ್ನಬೇಕು, ಅಷ್ಟೇ ಬಾಕಿ.

ಆಯುಧಪೂಜೆಯ ದಿನ ಇಡೀ ಕಾಲೇಜಿಗೆ ಅಕ್ಕನೇ ಯಜಮಾನಿ. ಗಂಟೆ, ಜೆರಾಕ್ಸ್ ಯಂತ್ರ, ನೀರಿನ ಪಂಪು, ಕಂಪ್ಯೂಟರುಗಳು, ಎಲ್ಲವನ್ನೂ ಒರೆಸಿ, ಗಂಧ ಕುಂಕುಮ ಹಚ್ಚಿ, ಗೊಂಡೆ ಹೂ ಇಟ್ಟು, ಮಾವಿನೆಲೆಯಿಂದ ನೀರು ಚಿಮುಕಿಸುತ್ತ ಬರುವರು. ಪ್ರಿನ್ಸಿಪಾಲರ ಕೋಣೆಗೆ ಮಾತ್ರ ಅವರಿಗೆ ಪ್ರವೇಶವಿರಲಿಲ್ಲ. ಪ್ರಿನ್ಸಿಪಾಲರು ತುಂಬ ಮಡಿಯ, ಅದಕ್ಕಿಂತಲೂ ಹೆಚ್ಚು ಒಪ್ಪ ಓರಣದ ಮನುಷ್ಯ. ಮೇಜಿನ ಮೇಲಿನ ಪೆನ್ನು ಓರೆಯಾಗಿದ್ದರೂ ಅವರಿಗೆ ಊಟ ಸೇರದು. ತಮ್ಮ ಕೋಣೆಯ ಪೂಜೆಯನ್ನು ರೇಷ್ಮೆಯ ಪಟ್ಟೆ ಮುಂಡು ಉಟ್ಟು, ಬಾಗಿಲು ಹಾಕಿಕೊಂಡು ತಾವೇ ಮಾಡುತ್ತಿದ್ದರು.

ಅಕ್ಕ ನೀರಿನ ತಂಬಿಗೆ ಹಿಡಿದು ಲ್ಯಾಬಿಗೆ ಬರುವ ಮೊದಲೇ ನಾನು ಎಲ್ಲದರ ಕರೆಂಟು ತೆಗೆದು, ದೀಪದ ಪೆಟ್ಟಿಗೆಗೆ ನ್ಯೂಸ್ ಪೇಪರ್ ಹೊದಿಸಿದ್ದೆ.

"ಇದೆಂತ ಟೀಚರೇ, ಪೇಪರಿಗೆ ಪೂಜೆ ಮಾಡುವುದಾ?"

"ನೀರು ತಾಗಬಾರದು ಅಕ್ಕ. ಹೂ ಬೇಕಾದರೆ ಪೇಪರಿನ ಮೇಲೆ ಇಡಿ."

"ನಿಮ್ಮ ಮದುವೆಗೆ ಬಂದು ನಿಮಗೂ ಪೇಪರ್ ಹೊದಿಸಿ ಅಕ್ಷತೆ ಹಾಕ್ತೇನೆ" ಎಂದರು. ಸಿಡುಕುತ್ತಲೇ ಪೇಪರಿನ ಮೇಲೆ ಹೂವಿಟ್ಟು ನೀರು ಚಿಮುಕಿಸಿದರು. ನಾನು ಪಂಚಕಜ್ಜಾಯ ತಿನ್ನಲು ಸ್ಟಾಫ್ ರೂಮಿಗೆ ಹೋದೆ.

ರಜೆ ಮುಗಿದು ನಾನು ನನ್ನೂರು ವೇಣೂರಿನ ಬಸ್ಸಿಳಿದು ಬರುವಾಗ ಅಕ್ಕ ಪೇಪರ್ ತೆಗೆದು, ಕರೆಂಟು ಹಾಕಿ, ಲ್ಯಾಬಿನಲ್ಲಿ ಕೈ ಮುಗಿದು ನಿಂತಿದ್ದರು. ಪೆಟ್ಟಿಗೆಯ ದೀಪಗಳೆಲ್ಲ ಒಟ್ಟಿಗೆ, ಉಸಿರು ಬಿಡದೆ ಮಿನುಗುತ್ತಿದ್ದವು.

"ನೋಡಿ ಟೀಚರೇ. ಮೊದಲು ಒಂದು ಇಲ್ಲಿ, ಒಂದು ಅಲ್ಲಿ ಅಂತ ಮಿನುಗ್ತಿತ್ತು. ಈಗ ಎಲ್ಲ ಒಟ್ಟಿಗೆ. ಪೂಜೆ ಫಲ ಕೊಟ್ಟಿದೆ."

ಅದು ದೇವರ ಕೃಪೆಯಲ್ಲ, ಪೆಟ್ಟಿಗೆಗೆ ಹಿಡಿದ ಹುಚ್ಚು. ಎಲ್ಲೋ ಒಂದು ವಯರಿನ ಎರಡೂ ತುದಿಗಳು ಒಂದೇ ಕಡೆ ಸೇರಿಕೊಂಡರೆ ಹೀಗಾಗುತ್ತದೆ. ನೀವು ಹೇಳಿದ ಸುದ್ದಿಯನ್ನು ಪಕ್ಕದ ಮನೆಯವರು ನಿಮಗೇ ತಿರುಗಿ ಹೇಳಿ, ನೀವು ಅದನ್ನು ಹೊಸ ಸುದ್ದಿಯೆಂದು ನಂಬಿ ಮತ್ತೆ ಊರಿಗೆಲ್ಲ ಸಾರಿದಂತೆ. ಸುದ್ದಿ ಸುತ್ತುತ್ತಲೇ ಇರುತ್ತದೆ, ಬೇರೆ ಯಾರ ಮಾತಿಗೂ ಜಾಗವಿರುವುದಿಲ್ಲ. ಕಾಲೇಜಿನ ಒಂದು ಕಂಪ್ಯೂಟರೂ ಇನ್ನೊಂದರ ಜೊತೆ ಮಾತಾಡುತ್ತಿರಲಿಲ್ಲ.

ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಅಷ್ಟರಲ್ಲಿ ಅವರೇ ತೀರ್ಪು ಬರೆದಾಗಿತ್ತು.

"ನೀರು ಬಿದ್ದಿದೆ. ಅವರು ಎಲ್ಲದಕ್ಕೂ ನೀರು ಚಿಮುಕಿಸುವುದನ್ನು ನಾನೇ ನೋಡಿದ್ದೇನೆ."

"ನಾನು ಕರೆಂಟು ತೆಗೆದು ಪೇಪರ್ ಹೊದಿಸಿದ್ದೆ ಸರ್. ನೀರು ಒಳಗೆ ಹೋಗಿರಲಿಕ್ಕಿಲ್ಲ."

"ಪೇಪರು ನೀರನ್ನು ತಡೆಯುತ್ತದೆಯೇ? ಸಂಜೆ ಸಭೆ ಉಂಟು. ಅಷ್ಟು ಬೆಲೆಯ ಯಂತ್ರ ಹಾಳು ಮಾಡಿದವರ ಹೆಸರನ್ನು ನಾನು ಯಾವ ಮುಖದಲ್ಲಿ ಮಂಡಿಸುವುದು?"

ಚಾ ತಂದಿದ್ದ ಅಕ್ಕ ಬಾಗಿಲಲ್ಲೇ ನಿಂತು ಇದನ್ನು ಕೇಳಿದರು. ಎದುರಾಡುವುದರಲ್ಲಿ ಎತ್ತಿದ ಕೈಯಾದ ಅವರು ಆ ದಿನ ಒಂದು ಮಾತೂ ಆಡದೆ ಲೋಟವಿಟ್ಟು ಹೋದರು. ಅಕ್ಕನಿಗಾಗಿ ನನಗೆ ಸಂಕಟವಾಯಿತು. ಪೇಪರ್ ಹೊದಿಸಿದವಳು ನಾನು, ನನ್ನ ಮಾತಿಗೂ ಬೆಲೆಯಿಲ್ಲವೇ ಎಂಬ ಸಿಟ್ಟೂ ಅದರಲ್ಲಿತ್ತು.

ಲ್ಯಾಬಿಗೆ ಬಂದು ನೀಲಿ ವಯರು ಜೋಡಿಸಿದೆ. ನೆಟ್‌ವರ್ಕಿಗೆ ಹುಚ್ಚು ಹಿಡಿದರೂ ಆ ವಯರಿನ ದಾರಿ ಬೇರೆ, ಪೆಟ್ಟಿಗೆ ನನ್ನ ಮಾತನ್ನು ಕೇಳುತ್ತದೆ. ಒಂದೊಂದೇ ಪೋರ್ಟನ್ನು ಬಂದ್ ಮಾಡುತ್ತ ದೀಪಗಳನ್ನು ನೋಡುವುದು, ಯಾವುದನ್ನು ಮುಚ್ಚಿದಾಗ ಉಳಿದವು ಶಾಂತವಾಗುತ್ತವೆಯೋ ತೊಂದರೆ ಅಲ್ಲಿದೆ. ಆಫೀಸನ್ನು ಮುಚ್ಚಿದೆ, ಕುಣಿತ ನಿಲ್ಲಲಿಲ್ಲ. ತೆರೆದೆ. ಲೈಬ್ರರಿಯನ್ನು ಸ್ವಲ್ಪ ಆಸೆಯಿಂದಲೇ ಮುಚ್ಚಿದೆ, ಅದೂ ಅಲ್ಲ. ಲ್ಯಾಬಿನದ್ದಂತೂ ನನ್ನ ಕಣ್ಣೆದುರಿಗೇ ಇತ್ತು. ಕೊನೆಗೆ ಪ್ರಿನ್ಸಿಪಾಲರ ಕೋಣೆಯ ಪೋರ್ಟನ್ನು ಮುಚ್ಚಿದೆನೋ ಇಲ್ಲವೋ, ದೀಪಗಳೆಲ್ಲ ತಣ್ಣಗಾಗಿ ಮೊದಲಿನ ಹಾಗೆ ಒಂದು ಇಲ್ಲಿ, ಒಂದು ಅಲ್ಲಿ ಮಿನುಗತೊಡಗಿದವು.

ಅವರು ತರಗತಿಗೆ ಹೋದದ್ದನ್ನು ನೋಡಿಕೊಂಡು ಕೋಣೆಗೆ ನುಗ್ಗಿ ಮೇಜಿನ ಕೆಳಗೆ ಬಗ್ಗಿದೆ. ಅಲ್ಲಿ ಒಂದು ಸಣ್ಣ ಅಗ್ಗದ ಸ್ವಿಚ್ ಇತ್ತು. ಲ್ಯಾಪ್‌ಟಾಪ್ ತರುವ ಅತಿಥಿಗಳಿಗೆಂದು ಅದಕ್ಕೊಂದು ಹೆಚ್ಚಿನ ವಯರು. ಅದರ ಒಂದು ತುದಿ ಸ್ವಿಚ್ಚಿನಲ್ಲಿ, ಇನ್ನೊಂದು ತುದಿ ಯಾವಾಗಲೂ ನೆಲದ ಮೇಲೆ. ಈಗ ಎರಡೂ ತುದಿಗಳು ಅದೇ ಸ್ವಿಚ್ಚಿಗೆ ಸೇರಿಕೊಂಡಿದ್ದವು. ಎರಡಕ್ಕೂ ನೀಟಾಗಿ ಗಂಧದ ಬೊಟ್ಟು.

ಎಲ್ಲ ಅರ್ಥವಾಯಿತು. ಪೂಜೆ ಮಾಡಿದ ವಸ್ತು ನೆಲದಲ್ಲಿ ಬಿದ್ದುಕೊಂಡಿದ್ದರೆ ಕಾಲು ತಾಗುತ್ತದೆ, ಕಾಲು ತಾಗಿದರೆ ದೋಷ. ಪ್ರಿನ್ಸಿಪಾಲರು ಅದನ್ನು ಎತ್ತಿ ಎಲ್ಲಿಡುವುದೆಂದು ನೋಡಿದ್ದಾರೆ. ಪಕ್ಕದಲ್ಲೇ ಖಾಲಿ ತೂತು, ಹೇಳಿ ಮಾಡಿಸಿದ ಅಳತೆ. ಸಿಕ್ಕಿಸಿದ್ದಾರೆ. ನಾನು ವಯರು ಕೀಳಲಿಲ್ಲ. ಕಿತ್ತರೆ ನೆಟ್ ಸರಿಯಾದೀತು, ಆದರೆ "ನೋಡಿದಿರಾ, ನೀರು ಒಣಗಿತು" ಎಂದು ಅವರು ಹೇಳುತ್ತಿದ್ದರು. ಮೆಲ್ಲನೆ ಹಿಂದೆ ಬಂದು, ಅವರೊಬ್ಬರ ಪೋರ್ಟನ್ನು ಮುಚ್ಚಿಟ್ಟು ಕಾದು ಕುಳಿತೆ.

ಮಧ್ಯಾಹ್ನ ಅವರೇ ಬಂದರು. "ಎಲ್ಲರಿಗೂ ನೆಟ್ ಉಂಟಂತೆ. ನನಗೆ ಮಾತ್ರ ಇಲ್ಲವಲ್ಲ?"

"ಹೌದು ಸರ್. ತೊಂದರೆ ಇರುವುದು ನಿಮ್ಮ ಕೋಣೆಯಲ್ಲಿ ಮಾತ್ರ. ಅಕ್ಕ ಅಲ್ಲಿ ಬಹಳ ನೀರು ಹಾಕಿದ್ದಾರೋ ಏನೋ."

"ಅವರು ಎಲ್ಲಿ ಬಂದಿದ್ದಾರೆ? ನನ್ನ ಕೋಣೆಯ ಪೂಜೆ ನಾನೇ ಮಾಡುವುದು. ಯಾರನ್ನೂ..." ಎಂದು ಹೇಳುತ್ತ ಹೇಳುತ್ತ ನಿಂತರು.

ನಾನು ಕೀಬೋರ್ಡಿನ ಮೇಲೆ ಇಲ್ಲದ ಧೂಳನ್ನು ಒರೆಸಿದೆ. ಆಮೇಲೆ ಹೇಳಿದೆ: "ಅತಿಥಿಗಳ ಆ ವಯರಿನ ಒಂದು ತುದಿ ಹೊರಗೇ ಇರಬೇಕು ಸರ್. ಎರಡನ್ನೂ ಸಿಕ್ಕಿಸಿದರೆ ಕಾಲೇಜಿಗೆಲ್ಲ ಹೀಗಾಗುತ್ತದೆ."

"ನೆಲದಲ್ಲಿದ್ದರೆ ಕಾಲು ತಾಗುತ್ತದಲ್ಲ" ಎಂದರು, ಮಗುವಿನ ಹಾಗೆ.

"ತಾಗುತ್ತದೆ ಸರ್. ಪೂಜೆಯ ದಿನ ಯಾರೂ ಹಾಗೆ ಬಿಡುವುದಿಲ್ಲ. ಒಂದು ಮೊಳೆ ಹೊಡೆಸಿ ನೇತುಹಾಕುವ."

ಅವರು ಲ್ಯಾಬಿನ ಬಾಗಿಲನ್ನು ಅರ್ಧ ಮುಚ್ಚಿ ಬಂದರು. "ಈ ವಿಷಯ ಸ್ಟಾಫ್ ರೂಮಿನಲ್ಲಿ..."

"ಯಾವ ವಿಷಯ ಸರ್?" ಎಂದೆ. ಜೀವಮಾನದಲ್ಲಿ ಅಷ್ಟು ಮುಗ್ಧ ಮುಖವನ್ನು ನಾನು ಇನ್ನೊಮ್ಮೆ ಮಾಡಿಲ್ಲ.

ಸಂಜೆ ಸಭೆ ಮುಗಿಯುವವರೆಗೆ ನಾನೂ ವೇಣೂರಿನ ಬಸ್ಸು ಬಿಟ್ಟು ಜಗಲಿಯಲ್ಲಿ ಉಳಿದೆ. ಪ್ರಿನ್ಸಿಪಾಲರು ಹೊರಗೆ ಬಂದವರೇ ಅಕ್ಕನ ಮುಖ ನೋಡದೆ, "ನಿಮ್ಮದು ಆಯಿತು. ನಾಳೆ ಆರ್ಡರ್ ಕೊಡ್ತೇನೆ" ಎಂದು ಬೇಗ ಬೇಗ ಮೆಟ್ಟಿಲಿಳಿದು ಹೋದರು. ಅಕ್ಕ ನಿಂತಲ್ಲೇ ಕುಳಿತರು. ಸೆರಗಿನಿಂದ ಕಣ್ಣು ಒತ್ತಿಕೊಂಡರು. ನನಗೆ ಗೆದ್ದ ಹೆಮ್ಮೆ.

"ನಾನು ಆಗಲೇ ಹೇಳಿದ್ದೆನಲ್ಲ ಅಕ್ಕ, ನೀರು ಅಲ್ಲವೆಂದು. ಪೇಪರ್ ಇತ್ತಲ್ಲ."

ಅಕ್ಕ ಆಚೆ ಈಚೆ ನೋಡಿ ದನಿ ತಗ್ಗಿಸಿದರು. "ಪೇಪರಿನ ಮೇಲೆ ಹಾಕಿದ್ದು ಪೂಜೆ ಆಗ್ತದಾ ಟೀಚರೇ? ನೀವು ಪಂಚಕಜ್ಜಾಯಕ್ಕೆ ಹೋದ ಮೇಲೆ ಪೇಪರ್ ತೆಗೆದು ಪೆಟ್ಟಿಗೆಗೇ ಸರಿಯಾಗಿ ನೀರು ಹಾಕಿದೆ. ಮತ್ತೆ ಹಾಗೆಯೇ ಹೊದಿಸಿ ಇಟ್ಟೆ. ಇವತ್ತು ಸರ್ ಹೇಳುವಾಗ, ನನ್ನ ಕೈಯಿಂದಲೇ ನನ್ನ ಅನ್ನ ಹೋಯಿತು ಅಂತ ಎಣಿಸಿದ್ದೆ."

"ಅಯ್ಯೋ ಮಾರಾಯ್ರೆ, ನನಗಾದರೂ ಒಂದು ಮಾತು ಹೇಳಬಾರದಾ?"

"ಹೇಳಿದ್ದರೆ ನೀವು ಹುಡುಕ್ತಿದ್ರಾ?"

ಹುಡುಕುತ್ತಿರಲಿಲ್ಲ. ನೀರೇ ಎಂದು ನಾನೂ ನಂಬಿ ಕೈ ಚೆಲ್ಲುತ್ತಿದ್ದೆ.