ಕಾಗದದ ಯುದ್ಧವಿಮಾನಕ್ಕೆ ಖಂಡೆ ಪೂಜೆ

ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು, ಕಾಗದ ಕತ್ತರಿಸಿ ಎರಡನೇ ಮಹಾಯುದ್ಧದ ಇಂಗ್ಲಿಷರ ಯುದ್ಧವಿಮಾನ ಮಾಡಲು ಕೂತ ದಿನವೇ ಮನೆಯಲ್ಲಿ ನನ್ನ ಮರ್ಯಾದೆ ಅರ್ಧಕ್ಕಿಳಿಯಿತು. ಹೆಂಡತಿಯ ಲೆಕ್ಕದಲ್ಲಿ ಅದು ರದ್ದಿ. “ನಿಮ್ಮ ರದ್ದಿ ಅತ್ಲಾಗ ಸರಸ್ರಿ, ರೊಟ್ಟಿ ಬುಟ್ಟಿ ಇಡಬೇಕು” ಎನ್ನುವಳು. ಊರವರ ಶಹಬ್ಬಾಸ್ ನನಗೆ ಬೇಕಿರಲಿಲ್ಲ. ಇವಳೊಬ್ಬಳು ಅದನ್ನು ಒಂದು ಸಲ ವಿಮಾನವೆಂದು ಒಪ್ಪಿಕೊಂಡರೆ ಸಾಕಿತ್ತು. ಮದುವೆಯಾಗಿ ಇಷ್ಟು ವರ್ಷದ ಮೇಲೆ ಗಂಡಸಿಗೆ ಇಂಥ ಆಸೆ ಇರಬಾರದು, ಆದರೆ ಇತ್ತು.

ನಕ್ಷೆ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿತು. ದಪ್ಪ ಕಾಗದ ಸಿಗಲಿಲ್ಲ. ಹುಡುಕಿಕೊಂಡು ಹುಮನಾಬಾದಿನ ಲಗ್ನಪತ್ರಿಕೆ ಅಂಗಡಿಗೆ ಹೋದೆ.

“ಲಗ್ನ ಯಾರ್ದ್ರಿ ಸರ?” ಎಂದರು ಅಂಗಡಿಯ ಸಾಹೇಬರು.

“ಲಗ್ನ ಅಲ್ರಿ. ವಿಮಾನ ಮಾಡಾಕತ್ತೇನಿ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಮ್ಮ ಮನೆತನದಲ್ಲಿ ಏನೋ ಗುಟ್ಟಿನ ಮದುವೆ ನಡೆಯಲಿದೆಯೆಂದು ತೀರ್ಮಾನಿಸಿದರು. “ಫಿಕರ್ ಮಾಡಬ್ಯಾಡ್ರಿ, ಯಾರ ಮುಂದೂ ಹೇಳಂಗಿಲ್ಲ” ಎಂದು ದನಿ ತಗ್ಗಿಸಿ, ಮೂಲೆಯಲ್ಲಿ ಬಂಗಾರದ ಬಣ್ಣದ ಗಣಪತಿ ಅಚ್ಚಾದ ಕಾರ್ಡುಗಳನ್ನೇ ಕಟ್ಟಿಕೊಟ್ಟರು. ಶುಭಕಾರ್ಯಕ್ಕೆ ಖಾಲಿ ಕಾರ್ಡು ಕೊಡಬಾರದಂತೆ. ಹೀಗಾಗಿ ಜರ್ಮನರ ಮೇಲೆ ಗುಂಡು ಹಾರಿಸುವ ವಿಮಾನದ ರೆಕ್ಕೆಯಡಿ ಗಣಪತಿ ಬಂದು ಕೂತ.

ಪಕ್ಕದ ಮನೆಯ ದೇಶಭಕ್ತರೊಬ್ಬರು ನೋಡಲು ಬಂದು ಕೆರಳಿದರು. “ಇಂಗ್ಲಿಷರ ವಿಮಾನ ಯಾಕ ಮಾಡ್ತೀರಿ? ಅವರ್ನ ಓಡಸಾಕ ಮಂದಿ ಜೈಲು ಕಂಡಾರ.” ಹೀಗೆಂದವರು ಕರೆಂಟ್ ಹೋದರೆ ಆಫೀಸಿಗೆ ಹೋಗಿ ಕೇಳುವ ಧೈರ್ಯವೂ ಇಲ್ಲದವರು. ಚಹಾ ಮಾತ್ರ ಕುಡಿದೇ ಹೋದರು.

ದಸರೆ ಹೊತ್ತಿಗೆ ವಿಮಾನ ಮುಗಿಯಿತು. ಬೆಳ್ಳಿ ಬಣ್ಣ ಬಳಿದು, ಮೇಲ್ಭಾಗಕ್ಕೆ ವಾರ್ನಿಶ್ ಹಚ್ಚಿ, ಹೆಂಡತಿಯ ಮುಂದೆ ಕೊಚ್ಚಿಕೊಂಡೆ: “ನೋಡು, ಇನ್ನ ಇದಕ್ಕ ನೀರೂ ಹತ್ತಂಗಿಲ್ಲ.” ಅವಳು ಬದನೆಕಾಯಿ ಹೆಚ್ಚುತ್ತಲೇ ಇದ್ದಳು. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಖಂಡೆ ಪೂಜೆಯ ದಿನ ನಮ್ಮ ಕಡೆ ಕುಡುಗೋಲಿನಿಂದ ಟ್ರ್ಯಾಕ್ಟರ್‌ವರೆಗೆ ಎಲ್ಲವನ್ನೂ ತೊಳೆದು ಪೂಜಿಸುತ್ತೇವೆ. ಚೆಂಡುಹೂವು ತರಲು ಬಜಾರಿಗೆ ಹೋಗಿದ್ದೆ. ಮರಳಿ ಬಂದರೆ ಅಂಗಳದಲ್ಲಿ ಬೈಕು, ಹೊಲಿಗೆ ಮಷಿನ್, ಮಿಕ್ಸರ್, ಎಲ್ಲ ಮಿಂದು ನಿಂತಿವೆ. ಸಾಲಿನ ಕೊನೆಗೆ ನನ್ನ ವಿಮಾನ. ರೆಕ್ಕೆ ಜೋತು ಬಿದ್ದಿದೆ, ಮೂತಿ ಮೆತ್ತಗಾಗಿ ನೆಲಕ್ಕೆ ತಾಗಿದೆ, ಬಾಲ ಬಕೆಟ್ಟಿನಲ್ಲಿ ತೇಲುತ್ತಿದೆ. ವಾರ್ನಿಶ್ ಹಚ್ಚದ ಹೊಟ್ಟೆಯ ಕಡೆಯಿಂದ ನೀರು ಒಳಹೊಕ್ಕಿತ್ತು.

“ಏನ್ ಮಾಡಿದಿ ಇದು!” ಎಂದು ಕೂಗಿದೆ.

ಒದ್ದೆ ಬಟ್ಟೆ ಹಿಡಿದು ನಿಂತಿದ್ದ ಅವಳ ಕಣ್ಣು ತುಂಬಿ ಬಂತು. “ಮನ್ಯಾಗಿನ ಗಾಡಿ ಎಲ್ಲಾ ತೊಳದು, ನಿಮ್ಮ ವಿಮಾನ ಒಂದ ಹ್ಯಾಂಗ ಬಿಡ್ಲಿರಿ? ನೀರು ಹತ್ತಂಗಿಲ್ಲ ಅಂದಿದ್ರಿ. ನಾ ನಂಬೀನಿ.”

ಆ ಒದ್ದೆ ಮುದ್ದೆಯನ್ನು ಎರಡೂ ಕೈಯಲ್ಲಿ ಎತ್ತಿ ಬೈಕಿನ ಮುಂದೆ ಇಟ್ಟೆ. ಅವಳು ಮೊದಲ ಆರತಿ ಅದಕ್ಕೇ ಬೆಳಗಿದಳು, ನಾನು ಗಂಟೆ ಬಾರಿಸಿದೆ.