ಎರಡನೆಯ ಕೈಗೆ ಒಪ್ಪದ ಪೆಟ್ಟಿಗೆ

ಶಿವಮಲ್ಲಪ್ಪ ಮೇಷ್ಟ್ರ ಕಿವಿ ಸರಿಯಾಗಿಯೇ ಇತ್ತು. ಸರಿಯಿಲ್ಲದ್ದು ನಾನು ಆರಿಸಿಕೊಟ್ಟ ಪೆಟ್ಟಿಗೆ. ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ, ಅವರ ಎದುರೇ ಕೂತು, ನಿಮ್ಮ ಕಿವಿ ಮಂಕಾಗಿದೆ ಎಂದೆ. ನಾಲ್ಕು ವರ್ಷ ಯಾರ ಬಳಿಯೂ ಇದನ್ನು ಬಾಯಿಬಿಟ್ಟಿರಲಿಲ್ಲ.

ಅವರು ಪ್ರೈಮರಿ ಶಾಲೆಯಲ್ಲಿ ನನಗೆ ಹಾಡು ಕಲಿಸಿದವರು. ಹರವೆ ಊರಿನವರು. ನಿವೃತ್ತರಾದ ಮೇಲೆ ಚಾಮರಾಜನಗರದಲ್ಲಿ ಮನೆ ಮಾಡಿ, ಸಂಜೆ ಹೊತ್ತು ಐದು ಹೆಣ್ಣುಮಕ್ಕಳಿಗೆ ವಚನ ಹಾಡುವುದನ್ನು ಹೇಳಿಕೊಡುತ್ತಿದ್ದರು. ಕೂಲಿಗೆ ಹೋಗುವವರ ಮಗಳು ಓದಿ, ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾಳೆಂಬುದು ನನ್ನ ಅಪ್ಪನಿಗಿಂತ ಅವರಿಗೇ ಹೆಚ್ಚು ಹೆಮ್ಮೆ. ಬೀದಿಯಲ್ಲಿ ಯಾರು ಸಿಕ್ಕರೂ, “ಇವಳು ನಮ್ಮ ರತ್ನಿ” ಎಂದು ನಿಲ್ಲಿಸಿ ತೋರಿಸುತ್ತಿದ್ದರು.

ಗುಂಡ್ಲುಪೇಟೆಯಲ್ಲಿ ಹಳೆ ಸಾಮಾನು ಮಾರುವ ಮಲಯಾಳಿಯೊಬ್ಬರ ಅಂಗಡಿಯಲ್ಲಿ ಮೇಷ್ಟ್ರಿಗೊಂದು ರೆಕಾರ್ಡ್ ಪ್ಲೇಯರ್ ಸಿಕ್ಕಿತು. ಅದಕ್ಕೆ ಮುಳ್ಳು ಹೊತ್ತ ಕೈಗಳು ಎರಡು. ಒಂದು ಕೈ ಎಲ್‌ಪಿ ರೆಕಾರ್ಡುಗಳಿಗೆ. ದಪ್ಪ ಮುಳ್ಳಿನ ಇನ್ನೊಂದು, ಗ್ರಾಮಫೋನ್ ಕಾಲದ ಹಳೇ ಪ್ಲೇಟುಗಳಿಗೆ. ಅವರ ಗುರುಗಳು ಹಾಡಿದ್ದ ಒಂದೇ ಒಂದು ಪ್ಲೇಟು ಅವರ ಬಳಿ ಇತ್ತು. ಮನೆಯಲ್ಲಿದ್ದ ಮೊದಲಿನ ಪ್ಲೇಯರ್ ಸುಟ್ಟುಹೋದ ಮೇಲೆ ಅದನ್ನು ಕೇಳದೆ ಎಷ್ಟೋ ವರ್ಷಗಳಾಗಿದ್ದವು. ಮುಳ್ಳಿನಿಂದ ಬರುವ ಸದ್ದು ತೀರಾ ಸಣ್ಣದು. ಅದನ್ನು ಎತ್ತರಿಸಿ, ಹದಮಾಡಿ ಮುಂದಕ್ಕೆ ಕಳಿಸಲು ನಡುವೆ ಪ್ರೀಆಂಪ್ ಎಂಬ ಪುಟ್ಟ ಪೆಟ್ಟಿಗೆ ಬೇಕು.

“ಎರಡು ಕೈಗೂ ಒಪ್ಪಂತದ್ದು ನೋಡ್ಬುಡು ಕಣಮ್ಮಿ,” ಎಂದರು ಮೇಷ್ಟ್ರು. “ನಂಗೆ ಇವೆಲ್ಲ ಎಲ್ಲಿ ತಿಳೀತದೆ? ನೀನು ಓದಿರೋಳು.”

ನನಗೂ ತಿಳಿಯದು ಎನ್ನಬೇಕಿತ್ತು. ಅಷ್ಟೇ — ಎರಡು ಮಾತು. ಬದಲಿಗೆ ಮೊಬೈಲಿನಲ್ಲಿ ಹುಡುಕಿ, ಹಿಂಬದಿಯಲ್ಲಿ ಎರಡು ಜೋಡಿ ವೈರು ಸಿಕ್ಕಿಸುವ ಜಾಗವಿದ್ದ ಪೆಟ್ಟಿಗೆಯೊಂದನ್ನು ತರಿಸಿದೆ. ಎರಡು ಕೈ, ಎರಡು ಜೋಡಿ — ಇನ್ನೇನು ಬೇಕು ಎಂದುಕೊಂಡೆ. ಪೆಟ್ಟಿಗೆ ಬಂದ ದಿನ ಒಳಗಿದ್ದ ಕಾಗದ ಓದಿದಾಗ ತಪ್ಪು ಗೊತ್ತಾಯಿತು. ಎರಡೂ ಕಡೆಯ ಹದ ಎಲ್‌ಪಿಗೆ ಮಾತ್ರ. ಹಳೇ ಪ್ಲೇಟುಗಳನ್ನು ಕೊರೆದ ರೀತಿಯೇ ಬೇರೆ. ಅವಕ್ಕೆ ಬೇರೆಯೇ ಹದ ಬೇಕು, ಇಲ್ಲದಿದ್ದರೆ ಮೇಲಿನ ಸ್ವರಗಳು ಕಂಬಳಿ ಮುಚ್ಚಿದಂತಾಗುತ್ತವೆ. ವಾಪಸ್ ಕಳಿಸಬಹುದಿತ್ತು. ಆದರೆ ಮೇಷ್ಟ್ರು ಆಗಲೇ ಬೀದಿಗೆಲ್ಲ ಹೇಳಿದ್ದರು, ರತ್ನಿ ಆರಿಸಿದ್ದಾಳೆ ಎಂದು. ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, ಪೆಟ್ಟಿಗೆಯನ್ನಷ್ಟೇ ಅವರ ಮನೆಗೆ ಒಯ್ದೆ.

ಎಲ್‌ಪಿ ಚೆನ್ನಾಗಿಯೇ ಹಾಡಿತು. ಆಮೇಲೆ ಗುರುಗಳ ಪ್ಲೇಟು. ಮೇಷ್ಟ್ರು ಕಣ್ಣು ಮುಚ್ಚಿ, ಮುಂದಕ್ಕೆ ಬಾಗಿ ಕೂತರು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಾಯಿತು.

“ಮೇಲಿನ ಷಡ್ಜ ಯಾಕೋ ಮುಚ್ಕಂಡಂಗದೆ. ಪೆಟ್ಗೆ ಏನಾರ...”

“ಪೆಟ್ಟಿಗೆ ಸರಿಯಾಗೇ ಇದೆ ಮೇಷ್ಟ್ರೇ. ವಯಸ್ಸಾದ ಮೇಲೆ ಕಿವಿ ಮೊದಲು ಬಿಡೋದೇ ಮೇಲಿನ ಸ್ವರಗಳನ್ನ.”

“ಮತ್ತೆ ಎಲ್‌ಪಿ ಚೆಂದಾಗಿ ಕೇಳ್ತಲ್ಲ?”

“ಅದು ಈಚಿನದು. ಮಂಕು ಕಿವಿಗೂ ಕೇಳುತ್ತೆ.”

ವಯಸ್ಸಿನ ಮಾತು ನಿಜವಾದ್ದೇ. ಹಾಗಾಗಿಯೇ ಸುಳ್ಳು ನಿಂತಿತು. ಅವರು ತಲೆಯಾಡಿಸಿದರು. ಒಮ್ಮೆ ಕಿವಿ ಮುಟ್ಟಿ ನೋಡಿಕೊಂಡರು — ಆ ಕೈ ಇಂದಿಗೂ ಕಣ್ಣ ಮುಂದೆ... ಇರಲಿ.

ಆಮೇಲೆ ಅವರ ಮನೆಗೆ ಹೋಗುವುದನ್ನೇ ಬಿಟ್ಟೆ. ಹಬ್ಬಕ್ಕೊಂದು ಫೋನು, ಪರೀಕ್ಷೆಯ ಕೆಲಸವೆಂಬ ನೆಪ. ಒಂದು ಪ್ಲೇಟು ತುಸು ಮಂಕಾಗಿ ಕೇಳಿದರೆ ಏನು ಮಹಾ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಕಳೆದ ತಿಂಗಳು ಸಂತೆಮರಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರ ಹೆಂಡತಿ ಗೌರಮ್ಮನವರು ಸಿಕ್ಕಿದರು. ಪಾಠ ಹೇಗೆ ನಡೆದಿದೆ ಎಂದು ಮಾತಿಗೆ ಕೇಳಿದೆ.

“ಪಾಠ ಎಲ್ಲದವ್ವ? ನೀನು ಬಂದೋದ ವಾರವೇ ನಿಲ್ಲಿಸ್ಬುಟ್ರು. ಕಿವಿ ಕೆಟ್ಟೋನು ಮಕ್ಳಿಗೆ ಸ್ವರ ಹೇಳ್ಕೊಡ್ಬಾರ್ದು ಅಂದ್ರು. ತಾವೂ ಬಾಯಿ ಬುಟ್ಟು ಒಂದು ಸಾಲು ಹಾಡ್ನಿಲ್ಲ. ಮೊನ್ನೆ ಡಾಕ್ಟ್ರು ನೋಡಿ, ಈ ವಯಸ್ಸಿಗೆ ಇಷ್ಟು ಚೆಂದ ಕೇಳೋದೇ ಹೆಚ್ಚು ಅಂದ್ರು. ಇವ್ರು ನಂಬಾಕಿಲ್ಲ. ಡಾಕ್ಟ್ರಿಗೇನು ಗೊತ್ತು, ನಮ್ಮ ರತ್ನಿ ಸುಳ್ಳೇಳ್ತಾಳಾ ಅಂತಾರೆ.”

ನನ್ನ ಬಸ್ಸು ಬಂತು, ಹೋಯಿತು. ಗೌರಮ್ಮನವರು ಇನ್ನೂ ಏನೋ ಹೇಳುತ್ತಿದ್ದರು. ಅವರ ತುಟಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತೆ. ಒಂದು ಪ್ಲೇಟು ಮಂಕಾಯಿತು ಎಂದುಕೊಂಡಿದ್ದೆ. ನಾನು ಮುಚ್ಚಿದ್ದು ಒಬ್ಬ ಮನುಷ್ಯನ ಬಾಯನ್ನು.

ಎರಡು ಕೈಗೂ ಬೇರೆಬೇರೆ ಹದ ಇಡಬಹುದಾದ ಪೆಟ್ಟಿಗೆಯನ್ನು, ಈ ಸಲ ಬಲ್ಲವರನ್ನು ಕೇಳಿ, ತರಿಸಿಕೊಂಡು ಅವರ ಮನೆಗೆ ಹೋದೆ. ಪ್ಲೇಟು ಹಾಕಿದೆ. ಗುರುಗಳ ಸ್ವರ ಮೇಲಕ್ಕೇರಿ ಸ್ಪಷ್ಟವಾಗಿ ನಿಂತಾಗ ಮೇಷ್ಟ್ರು ಕಣ್ಣು ತೆರೆದು ನನ್ನನ್ನೇ ನೋಡಿದರು. ಆಗ ಹೇಳಿದೆ. ಕಾಗದ ಬಚ್ಚಿಟ್ಟದ್ದನ್ನೂ ಹೇಳಿದೆ.

ಬೈಯಲಿಲ್ಲ. ಪ್ಲೇಟು ಮುಗಿದು ಬರೀ ಗರಗರ ಸದ್ದಾಗುತ್ತಿದ್ದರೂ ಮುಳ್ಳು ಎತ್ತಲಿಲ್ಲ. ಒಂದು ಸಲ ತಾವೇ ಸ್ವರ ಹಿಡಿಯಲು ನೋಡಿದರು. ಗಂಟಲು ಒಡೆದು ಕೆಮ್ಮು ಬಂತು.

“ಬ್ಯಾರೆ ಯಾರಾರ ಹೇಳಿದ್ರೆ ಇನ್ನೊಬ್ರತ್ರ ಕೇಳಿ ನೋಡ್ತಿದ್ದೆ ಕಣಮ್ಮಿ. ನೀನು ಹೇಳ್ದೆ ಅಂತ ಯಾರ್ನೂ ಕೇಳ್ನಿಲ್ಲ.” ಈಗ ಮುಳ್ಳು ಎತ್ತಿಟ್ಟರು. “ನಂಗೆ ಹೇಳ್ದಂಗೆ ಆ ಐದು ಮಕ್ಳಿಗೂ ಹೇಳ್ಬುಟ್ಟು ಬಾ.”

ಕಳೆದ ಭಾನುವಾರ ಪುಣಜನೂರಿಗೆ ಹೋಗಿದ್ದೆ. ಐವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದ ಮಾದೇವಿ ಅಲ್ಲಿಯವಳು; ಆಗ ಚಾಮರಾಜನಗರದಲ್ಲಿ ಓದುತ್ತಿದ್ದಳು. ಈಗ ಇಪ್ಪತ್ತು ವರ್ಷ. ಚೆಂಡುಹೂ ಕೀಳುವ ಕೆಲಸಕ್ಕೆ ಹೋಗುತ್ತಾಳೆ. ಬೆರಳೆಲ್ಲ ಹಳದಿ. ನನ್ನ ಮಾತನ್ನು ನಿಂತುಕೊಂಡೇ ಕೇಳಿದಳು.

“ಅಂಗಾರೆ,” ಎಂದಳು, “ನಾನು ಅಪಸ್ವರ ಹಾಡ್ತಿದ್ದೆ ಅಂತ ಮೇಷ್ಟ್ರು ಬರ್ಬ್ಯಾಡ ಅಂದಿದ್ದಲ್ಲ ಅನ್ನಿ?”

ಅಲ್ಲ ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಬಾಗಿಲಲ್ಲಿ ಸುಮಾರು ಹೊತ್ತು ನಿಂತಿದ್ದೆ, ಅವಳು ಮತ್ತೆ ಹೊರಗೆ ಬರಲಿಲ್ಲ.

ಇನ್ನು ನಾಲ್ಕು ಮನೆಗಳಿವೆ.